ತಡವಾಗಿ ಬಂದವರ ನಡತೆ

ಬಳ್ಳಾರಿ ಪೇಟೆಯ ಒಂದು ಪ್ರಾಥಮಿಕ ಸಾಲಿ. ಯಾವ ಸಾಲಿ ಅಂತ ಹೆಸರು ಹೇಳುವುದು ಬೇಡ. ಎಲ್ಲ ಸಾಲಿಗಳ ಗೋಡೆಯೂ ಹೆಚ್ಚುಕಡಿಮೆ ಹಾಗೇ ಇದೆ. ಕಾಂಪೌಂಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ: ಸಮಯಪಾಲನೆ, ಶಿಸ್ತು, ಶುಚಿತ್ವ, ವಿಧೇಯತೆ. ಆ ಗೋಡೆಗೆ ಬೆನ್ನು ಹಚ್ಚಿ ಎಂಟೊಂಬತ್ತು ವರ್ಷದ ಹುಡುಗನೊಬ್ಬ ನಿಂತಿದ್ದ. ಒಳಗೆ ಪ್ರಾರ್ಥನೆ ನಡೆದಿತ್ತು, ಗೇಟು ಹಾಕಿತ್ತು. 'ಯಾಕಪಾ, ಹೊರಗ ನಿಂತೀ?' ಎಂದೆವು. 'ಲೇಟಾತ್ರಿ' ಅಂದ. 'ಯಾಕ ಲೇಟಾತು?' ಅವನು ಮಾತಾಡಲಿಲ್ಲ, ಎರಡೂ ಕೈ ಮುಂದೆ ಚಾಚಿದ. ಉಗುರಿನ ಸಂದಿಯೆಲ್ಲ ನೀಲಿ. ಬೆಳಿಗ್ಗೆ ಎದ್ದು ಅವ್ವನ ಜೊತೆ ಕೂತು ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸಿ ಬಂದಿದ್ದ. ಬಳ್ಳಾರಿಯ ಜೀನ್ಸು ದೂರದೂರದ ಊರುಗಳಿಗೆ ಹೋಗುತ್ತದೆ. ಅದರ ದಾರ ಕತ್ತರಿಸಿದವನು ಗೇಟಿನ ಹೊರಗೆ ನಿಂತಿರುತ್ತಾನೆ.

ಸಣ್ಣ ಮಕ್ಕಳಿಗೆ ಒಳ್ಳೆಯ ನಡತೆ ಕಲಿಸಬೇಕು, ಅವರನ್ನು ಸತ್ಪ್ರಜೆಗಳನ್ನಾಗಿ ಮಾಡಬೇಕು ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆ! ಆಗಸ್ಟ್ ಹದಿನೈದರ ಭಾಷಣದಲ್ಲಿ ಕೇಳಿದ್ದೇವೆ, ಶಿಕ್ಷಕರ ತರಬೇತಿಯಲ್ಲಿ ಕೇಳಿದ್ದೇವೆ, ಊರ ದೊಡ್ಡವರ ಬಾಯಲ್ಲಿ ಕೇಳಿದ್ದೇವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನೂ ಅದರ ಬಾಲಕ್ಕೆ ಕಟ್ಟುತ್ತಾರೆ. ಗಾದೆ ಹೇಳುವವರನ್ನು ನಾವು ಕೇಳುವುದು ಒಂದೇ: ಯಾವ ಗಿಡ? ಯಾರ ಕಡೆಗೆ ಬಗ್ಗಬೇಕು? ಹುಟ್ಟುವ ಮೊದಲೇ ಬಗ್ಗಿಸಿಟ್ಟ ಬೆನ್ನುಗಳಿಗೆ ಮತ್ತೆ ಬಗ್ಗುವ ಪಾಠ ಯಾಕೆ?

ಆ ಹುಡುಗ ಗೇಟಿನ ಹೊರಗೆ ನಿಂತದ್ದು ಇವತ್ತಿನ ಕತೆಯಲ್ಲ. ಅದಕ್ಕೆ ಕಾಗದದ ಸಾಕ್ಷಿ ಇರುವ ಇನ್ನೂರು ವರ್ಷದ ಚರಿತ್ರೆ ಇದೆ. ಆ ಕಾಗದ ಹೊರಟದ್ದೂ ಇದೇ ಬಳ್ಳಾರಿಯಿಂದ.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಕಡಪಾ ಸೀಮೆಗಳನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಇಲ್ಲಿ ಏಳು ವರ್ಷ ಮುಖ್ಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಮುಂದೆ ಮದ್ರಾಸಿನ ಗವರ್ನರ್ ಆದ. 1822ರಲ್ಲಿ ಅವನು ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಂದ ದೇಶೀ ಶಾಲೆಗಳ ಲೆಕ್ಕ ಕೇಳಿದ. ಶಾಲೆ ಎಷ್ಟು, ಮಕ್ಕಳು ಎಷ್ಟು, ಯಾವ ಜಾತಿ, ಏನು ಓದುತ್ತಾರೆ. ಬಹಳ ಕಲೆಕ್ಟರುಗಳು ಕೋಷ್ಟಕ ತುಂಬಿ ಕೈ ತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಹಾಗೆ ಮಾಡಲಿಲ್ಲ. ತೆಲುಗು ವ್ಯಾಕರಣ ಬರೆದ ಮನುಷ್ಯ, ನೋಡುವ ಕಣ್ಣಿತ್ತು. 1823ರ ಆಗಸ್ಟ್ 17ರಂದು ಅವನು ಕಳಿಸಿದ ವರದಿ ಇವತ್ತಿಗೂ ಆ ಕಾಲದ ಸಾಲಿಮಠಗಳ ಬಗ್ಗೆ ಇರುವ ಬಹಳ ಒಳ್ಳೆಯ ಬರಹಗಳಲ್ಲಿ ಒಂದು.

ಅವನ ಲೆಕ್ಕ ಹೀಗಿದೆ. ಆಗಿನ ಬಳ್ಳಾರಿ ಜಿಲ್ಲೆ ಎಂದರೆ ಇವತ್ತಿನ ಅನಂತಪುರವೂ ಸೇರಿದ ದೊಡ್ಡ ಸೀಮೆ; ಜನಸಂಖ್ಯೆ 9,27,857. ಕಲಿಸುವ ತಾಣಗಳು 533. ಅದರಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿ 23, ಫಾರ್ಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಉಳಿದ 23 ಬ್ರಾಹ್ಮಣರಿಗೇ ಮೀಸಲಾದ ಶಾಸ್ತ್ರಪಾಠದ ಜಾಗಗಳು. ಎಲ್ಲ ಸೇರಿ ಓದುತ್ತಿದ್ದ ಮಕ್ಕಳು 6,641. ಎಂದರೆ ಸಾವಿರ ಜನಕ್ಕೆ ಏಳು. ಒಂದು ಸಾಲಿಗೆ ಹನ್ನೆರಡು ಹುಡುಗರು. ಹೆಣ್ಣುಮಕ್ಕಳು ಇಡೀ ಜಿಲ್ಲೆಯಲ್ಲಿ ಅರವತ್ತು.

ಸಾಲಿ ಶುರುವಾಗುವುದು ಬೆಳಿಗ್ಗೆ ಆರು ಗಂಟೆಗೆ. ಎಲ್ಲರಿಗಿಂತ ಮೊದಲು ಒಳಗೆ ಬಂದ ಹುಡುಗನ ಅಂಗೈ ಮೇಲೆ ಐಗಳು ಸರಸ್ವತಿಯ ಹೆಸರು ಬರೆಯುತ್ತಾರೆ. ಅದು ಮರ್ಯಾದೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಏಟು, ಮೆಲ್ಲಗೆ. ನಾಲ್ಕನೆಯವನಿಗೆ ಎರಡು. ಆಮೇಲೆ ಬಂದ ಒಬ್ಬೊಬ್ಬನಿಗೂ ಒಂದೊಂದು ಏಟು ಹೆಚ್ಚು. ನಾವು ಲೆಕ್ಕ ಹಾಕಿ ನೋಡಿದೆವು: ಹನ್ನೆರಡು ಹುಡುಗರ ಸಾಲಿಯಲ್ಲಿ ಕೊನೆಗೆ ಬಂದವನಿಗೆ ಹತ್ತು ಏಟು, ದಿನಾ ಬೆಳಿಗ್ಗೆ, ಅಕ್ಷರ ತಿದ್ದುವ ಮೊದಲೇ. ಓದಿನಲ್ಲಿ ಸೋಮಾರಿಯಾದವನಿಗೆ ಬೇರೆ ಶಿಕ್ಷೆ. ಎರಡೂ ಕೈ ಕಟ್ಟಿ ಸೂರಿನ ರಾಟೆಗೆ ಎಳೆದು ನೇತುಹಾಕುವುದು. ನಮ್ಮ ಹಿರಿಯರು ಇದನ್ನೇ ಕೋದಂಡ ಅನ್ನುತ್ತಿದ್ದರು. ಇಲ್ಲವೇ ನಿಲ್ಲದೆ ಬಸ್ಕಿ ಹೊಡೆಸುವುದು. ಈ ಬಸ್ಕಿ ನೋವಿನದಾದರೂ ಮೈಗೆ ಒಳ್ಳೆಯದಿರಬಹುದು ಎಂಬ ಅರ್ಥದ ಒಂದು ಮಾತನ್ನೂ ಕ್ಯಾಂಪ್‌ಬೆಲ್ ಸೇರಿಸುತ್ತಾನೆ. ಬಸ್ಕಿ ಹೊಡೆದವರು ಯಾರೂ ಹಾಗೆ ಬರೆದಿಲ್ಲ.

ಈಗ ಯೋಚನೆ ಮಾಡಿ. ಬೆಳಗಿನ ಆರಕ್ಕೆ ಎಲ್ಲರಿಗಿಂತ ಮೊದಲು ಯಾರು ಬಂದಾನು? ಮನೆಯಲ್ಲಿ ಸೆಗಣಿ ಬಾಚಲು, ನೀರು ಸೇದಲು, ದನ ಬಿಡಲು ಬೇರೆ ಕೈಗಳಿರುವವನು. ಕೊನೆಗೆ ಯಾರು ಬಂದಾನು? ಆ ಬೇರೆ ಕೈಗಳ ಕುಡಿ, ಅವನು ಬರುವುದೇ ಆದರೆ. ಕೆಳವರ್ಗದ ಜನ ಮಕ್ಕಳ ಎಳೆಯ ಕೈಕಾಲಿಗೆ ಕಸುವು ಬರುತ್ತಲೇ ಅವರನ್ನು ದುಡಿಮೆಗೆ ಹಚ್ಚಬೇಕಾದ ಸ್ಥಿತಿಯಲ್ಲಿದ್ದಾರೆ ಎಂದು ಅದೇ ವರದಿ ಹೇಳುತ್ತದೆ. ಹಾಗಾದರೆ ಅಂಗೈ ಮೇಲಿನ ಸರಸ್ವತಿ ಯಾವ ಗುಣಕ್ಕೆ ಸಿಕ್ಕ ಬಹುಮಾನ? ಸಮಯಪಾಲನೆಗೋ, ಮನೆಯಲ್ಲಿ ಆಳು ಇದ್ದದ್ದಕ್ಕೋ? ಕೊನೆಯವನಿಗೆ ಬಿದ್ದ ಹತ್ತು ಏಟು ಯಾವ ದುರ್ಗುಣಕ್ಕೆ? ದುಡಿದದ್ದನ್ನೇ ಸೋಮಾರಿತನ ಎಂದು ಕರೆದು ಹೊಡೆಯುವ ಪದ್ಧತಿ ನಮ್ಮಲ್ಲಿ ಶಾಲೆಯಷ್ಟೇ ಹಳೆಯದು. ಛಡಿ ಛಂ ಛಂ, ವಿದ್ಯಾ ಘಂ ಘಂ ಅಂತ ನಗುತ್ತಾ ಹೇಳುವವರ ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಬೇಕು.

ಆ ಸಾಲಿಮಠಗಳಲ್ಲಿ ಒಳ್ಳೆಯದೇ ಇರಲಿಲ್ಲ ಎಂದು ನಾವು ಹೇಳುತ್ತಿಲ್ಲ. ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದುವುದು, ಮಸಿ ಬಳಿದ ಹಲಗೆ ಮತ್ತು ಮಡಿಚಿದ ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ಬರೆದು ಒದ್ದೆ ಬಟ್ಟೆಯಿಂದ ಒರೆಸುವುದು, ಕಲಿತ ಹುಡುಗ ಕಲಿಯದವನಿಗೆ ಹೇಳಿಕೊಡುವುದು, ಇವೆಲ್ಲ ಬಡ ನಾಡಿಗೆ ತಕ್ಕ ಜಾಣತನ. ಕಲಿತವನು ಕಲಿಯದವನಿಗೆ ಹೇಳಿಕೊಡುವ ಈ ರೀತಿಯನ್ನು ಆಂಡ್ರೂ ಬೆಲ್ ಎಂಬ ಪಾದ್ರಿ ಮದ್ರಾಸಿನಿಂದ ಇಂಗ್ಲೆಂಡಿಗೆ ಒಯ್ದು ಹೆಸರು ಮಾಡಿದ. ಅಲ್ಲಿ ಅದಕ್ಕೆ ಮದ್ರಾಸ್ ಪದ್ಧತಿ ಎಂದೇ ಹೆಸರಾಯಿತು. ಈ ಸಾಲಿಗಳು ಯಾಕೆ ಬಡವಾದವು ಎಂಬುದನ್ನೂ ಕ್ಯಾಂಪ್‌ಬೆಲ್ ಮುಚ್ಚಿಡಲಿಲ್ಲ. ವಿಲಾಯತಿ ಬಟ್ಟೆ ಬಂದು ನೇಕಾರರ ಮಗ್ಗ ನಿಂತಿತು, ಜನ ಬಡವಾದರು, 533ರಲ್ಲಿ ಒಂದಕ್ಕೂ ಸರ್ಕಾರದ ಒಂದು ಕಾಸು ನೆರವಿಲ್ಲ, ಇದು ನಾಚಿಕೆ ಎಂದು ತನ್ನ ಸರ್ಕಾರಕ್ಕೇ ಬರೆದ.

1983ರಲ್ಲಿ ಧರ್ಮಪಾಲ್ ಎಂಬ ಚರಿತ್ರಕಾರರು ಈ ಎಲ್ಲ ಜಿಲ್ಲೆಗಳ ವರದಿಗಳನ್ನು ಒಟ್ಟಿಗೆ ಅಚ್ಚು ಹಾಕಿಸಿದರು. ಬ್ರಿಟಿಷರು ಬರುವ ಮೊದಲು ನಮ್ಮ ಶಾಲೆಗಳಲ್ಲಿ ಶೂದ್ರರ ಮಕ್ಕಳೇ ಹೆಚ್ಚಾಗಿ ಓದುತ್ತಿದ್ದರು ಎಂದು ಅಂಕಿ ಎತ್ತಿ ತೋರಿಸಿದರು. ಅಂಕಿ ಸುಳ್ಳಲ್ಲ. ಬಳ್ಳಾರಿಯ ಗಂಡುಮಕ್ಕಳಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998, ಮುಸಲ್ಮಾನರು 243. ಇವುಗಳ ಜೊತೆಗೆ ಇನ್ನೊಂದು ಕಲಂ ಇದೆ: 'ಇತರ ಎಲ್ಲ ಜಾತಿಗಳು', 1,174. ಗೆಳೆಯರೇ, ನಮ್ಮನ್ನು ಹುಡುಕಬೇಕಾದರೆ ಈ ಕಲಮಿನಲ್ಲಿ ಹುಡುಕಬೇಕು. ಹೊಲೆಯ, ಮಾದಿಗ ಎಂಬ ಹೆಸರು ಆ ಕೋಷ್ಟಕದಲ್ಲಿ ಬೇರೆಯಾಗಿ ಇಲ್ಲ. ಸತ್ತ ದನ ಹೊರುವಾಗ, ತಮಟೆ ಬಡಿಯುವಾಗ ಹೆಸರು ಹಿಡಿದು ಕೂಗುವ ಊರು, ಅಕ್ಷರದ ಲೆಕ್ಕ ಬರೆಯುವಾಗ 'ಇತರ' ಅನ್ನುತ್ತದೆ. ದೇಶೀ ಶಾಲೆಗಳ ಸುವರ್ಣಯುಗದ ಬಗ್ಗೆ ಭಾಷಣ ಮಾಡುವವರು ಈ ಕಲಮಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಲಿ.

ಆಗಿನ ಮಕ್ಕಳಿಗೆ ನೀತಿ ಬರುತ್ತಿದ್ದದ್ದು ಕಾವ್ಯ ಪುರಾಣಗಳಿಂದ. ರಾಮಾಯಣ, ಮಹಾಭಾರತ, ಭಾಗವತ; ಲಿಂಗವಂತರ ಮಕ್ಕಳಿಗೆ ಬಸವಪುರಾಣ, ಚೆನ್ನಬಸವಪುರಾಣ; ಜೊತೆಗೆ ಪಂಚತಂತ್ರದಂಥ ಕತೆಗಳು. ಆದರೆ ಹಳಗನ್ನಡ, ಹಳೆತೆಲುಗಿನ ಆ ಪದ್ಯಗಳ ಅರ್ಥ ಓದುವ ಹುಡುಗನಿಗೂ ಗೊತ್ತಿಲ್ಲ, ಎಷ್ಟೋ ಸಲ ಕಲಿಸುವ ಐಗಳಿಗೂ ಗೊತ್ತಿಲ್ಲ. ಗಿಳಿಪಾಠ. ಬಸವಪುರಾಣದಲ್ಲಿ ಮಾದಾರ ಚೆನ್ನಯ್ಯನ ಕತೆ ಬರುತ್ತದೆ. ಅರಸನ ಕುದುರೆಗೆ ಹುಲ್ಲು ತರುವ ಮಾದಿಗ ಗುಟ್ಟಾಗಿ ಶಿವನಿಗೆ ಅಂಬಲಿ ಎಡೆ ಇಟ್ಟದ್ದು, ಅದನ್ನುಂಡ ಶಿವ ಅರಸನ ನೈವೇದ್ಯ ಮುಟ್ಟದೇ ಹೋದದ್ದು. ಈ ಕತೆಯನ್ನು ಜಗಲಿಯ ಮೇಲೆ ಕೂತು ರಾಗವಾಗಿ ಓದಿದ ಮಕ್ಕಳಲ್ಲಿ ಚೆನ್ನಯ್ಯನ ಕುಲದವರು ಎಷ್ಟು ಮಂದಿ ಇದ್ದರು?

ಕುರುಗೋಡಿನಲ್ಲಿ ನಾವು ಒಂದು ಬೇಸಿಗೆ ಸಂಜೆಪಾಠ ನಡೆಸಿದೆವು. ಸಿಂದ ಅರಸರು ಆಳಿದ ಊರು. ದೊಡ್ಡ ಬಸವೇಶ್ವರನ ಗುಡಿಯಲ್ಲಿ ಆನೆಗಾತ್ರದ ಏಕಶಿಲೆಯ ಬಸವ ಇದ್ದಾನೆ. ಮೆಣಸಿನಕಾಯಿ ಬಿಡಿಸಿ ಬಂದ ಮಕ್ಕಳು ಪಾಠದ ಹೊತ್ತಿಗೆ ಉರಿಯುವ ಕೈಯನ್ನು ಲಂಗಕ್ಕೆ, ಚಡ್ಡಿಗೆ ಒರೆಸಿಕೊಳ್ಳುತ್ತಾ ಕೂತಿರುತ್ತಿದ್ದರು. ಚೆನ್ನಯ್ಯನ ಕತೆ ಹೇಳಿ ಮುಗಿಸಿದ ಮೇಲೆ ಒಂದು ಹುಡುಗಿ ಕೇಳಿತು: 'ಶಿವ ಉಂಡ ಮ್ಯಾಲೆ ಚೆನ್ನಯ್ಯನ ಮನಿ ಊರಾಗ ಬಂತೇನ್ರಿ, ಕೇರ್ಯಾಗೇ ಉಳೀತೇನ್ರಿ?' ನಮ್ಮಲ್ಲಿ ಉತ್ತರ ಇರಲಿಲ್ಲ. ಪುರಾಣದಲ್ಲೂ ಇಲ್ಲ. ಮಕ್ಕಳಲ್ಲಿ ಒಳ್ಳೆಯ ಗುಣ ಬೆಳೆಸುವುದು ಎಂದರೆ ಇಂಥ ಪ್ರಶ್ನೆ ಕೇಳುವ ನಾಲಿಗೆಯನ್ನು ಉಳಿಸುವುದು ಎಂದು ಆ ಸಂಜೆ ನಮಗೆ ಅನ್ನಿಸಿತು.

ಪ್ರಶ್ನೆ ಕೇಳಿದ ಹುಡುಗಿಯರು ಇವಳಿಗಿಂತ ಮೊದಲೂ ಇದ್ದರು. ಪುಣೆಯಲ್ಲಿ ಫುಲೆ ದಂಪತಿಗಳು ಕೆಳಜಾತಿಗಳಿಗಾಗಿ ನಡೆಸಿದ ಸಾಲಿಯಲ್ಲಿ ಓದಿದ ಮಾಂಗ ಹುಡುಗಿ ಮುಕ್ತಾ ಸಾಳ್ವೆ 1855ರಲ್ಲಿ ತನ್ನ ಜನರ ನೋವಿನ ಬಗ್ಗೆ ನಿಬಂಧ ಬರೆದಳು. ವೇದ ನಮ್ಮದಲ್ಲ ಎಂದ ಮೇಲೆ ನಮ್ಮ ಧರ್ಮ ಯಾವುದು, ಹೇಳು ದೇವರೇ ಎಂಬ ಅರ್ಥದ ಪ್ರಶ್ನೆ ಅದರಲ್ಲಿತ್ತು. ಜೋತಿಬಾ 1882ರಲ್ಲಿ ಹಂಟರ್ ಆಯೋಗಕ್ಕೆ ಮನವಿ ಕೊಟ್ಟು, ರೈತನ ತೆರಿಗೆಯ ಹಣ ಮೇಲಿನವರ ಕಾಲೇಜಿಗೆ ಹರಿಯುತ್ತಿದೆ, ಶೂದ್ರಾತಿಶೂದ್ರರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಕೊಡಿ, ಅವರೊಳಗಿನವರನ್ನೇ ಮಾಸ್ತರರನ್ನಾಗಿ ಮಾಡಿ ಎಂದು ಕೇಳಿದರು. ಅದೇ ಆಯೋಗ ಶಿಫಾರಸು ಮಾಡಿದ್ದರಲ್ಲಿ ಏನಿತ್ತು ಗೊತ್ತೇ? ಎಲ್ಲ ಧರ್ಮಗಳಿಗೂ ಒಪ್ಪುವ ಒಂದು ನೀತಿಪಠ್ಯ ಬರೆಸಬೇಕು, ಕಾಲೇಜುಗಳಲ್ಲಿ ಮನುಷ್ಯನ ಮತ್ತು ಪ್ರಜೆಯ ಕರ್ತವ್ಯಗಳ ಬಗ್ಗೆ ಉಪನ್ಯಾಸ ಕೊಡಿಸಬೇಕು. ಆಯೋಗದ ಸದಸ್ಯ ಕೆ. ಟಿ. ತೇಲಂಗ್ ಇದಕ್ಕೆ ಭಿನ್ನಮತ ಬರೆದರು. ನೀತಿ ಪುಸ್ತಕದಿಂದ ಬರುವುದಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅನ್ನ ಕೇಳಿದವನಿಗೆ ಊಟದ ಶಿಷ್ಟಾಚಾರ ಹೇಳಿಕೊಡುವ ಚಾಳಿ ಆಯೋಗಗಳಿಗೆ ಅಂದಿನಿಂದ ಇದೆ.

1897ರಲ್ಲಿ ವಿಲಿಯಂ ಲೀ-ವಾರ್ನರ್ ಎಂಬ ಅಧಿಕಾರಿ ಭಾರತದ ಪ್ರಜೆಯ ಬಗ್ಗೆ ಶಾಲೆಗಳಿಗಾಗಿ ಒಂದು ಪುಸ್ತಕ ಬರೆದ. ಅದು ಹಳ್ಳಿಯಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಸಾಮ್ರಾಜ್ಯದವರೆಗೆ ಹತ್ತುತ್ತದೆ. ಆ ಮೆಟ್ಟಿಲು ಹತ್ತಿದ ಹುಡುಗ ಸರ್ಕಾರದ ಉಪಕಾರಕ್ಕೆ ಋಣಿಯಾಗಿರಬೇಕು. ಇಲ್ಲಿ ನಮ್ಮ ಭಾಷೆಯ ಒಂದು ಮಾತು. ಕನ್ನಡದಲ್ಲಿ ನಾವು 'ಸತ್ಪ್ರಜೆ' ಅನ್ನುತ್ತೇವೆ. ಪ್ರಜೆ ಎಂದ ಕೂಡಲೇ ಅವನ ತಲೆಯ ಮೇಲೆ ಒಬ್ಬ ಪ್ರಭು ಬಂದು ಕೂರುತ್ತಾನೆ. ಪ್ರಭುಗಳು ಹೋಗಿ ಎಷ್ಟೋ ಕಾಲವಾದರೂ ಸತ್ಪ್ರಜೆಯ ಲಕ್ಷಣ ಬದಲಾಗಿಲ್ಲ: ಕೈ ಕಟ್ಟಿ ಕೂತುಕೋ, ಎದುರು ಮಾತಾಡಬೇಡ, ಸಾಲಿನಲ್ಲಿ ನಿಲ್ಲು. ನಡತೆ ಎಂಬ ಮಾತು ಹುಟ್ಟಿದ್ದು ನಡೆಯುವುದರಿಂದ. ಊರ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾದವರಿಗೆ ನಡತೆ ಎಂದರೆ ಏನು ಎಂದು ಪಠ್ಯ ಬರೆದವರು ಕೇಳಲಿಲ್ಲ.

ನಡತೆಯನ್ನು ಹುಟ್ಟಿಗೇ ಕಟ್ಟಿದ ಕಾನೂನೂ ಬಂತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಮೊದಲು ಉತ್ತರದ ಪ್ರಾಂತ್ಯಗಳಿಗೆ ಇತ್ತು. 1911ರಲ್ಲಿ ತಿದ್ದಿ ಬರೆದ ಮೇಲೆ ಅದು ಮದ್ರಾಸ್ ಪ್ರಾಂತ್ಯಕ್ಕೂ ಇಳಿಯಿತು. ಉಪ್ಪು, ದವಸ ಹೇರಿಕೊಂಡು ಊರೂರು ತಿರುಗುತ್ತಿದ್ದ ಕೊರಚ, ಕೊರವರಂಥ ಸಮುದಾಯಗಳು ಹುಟ್ಟುಗಳ್ಳರ ಪಟ್ಟಿಗೆ ಸೇರಿದವು. ಆರು ವರ್ಷ ದಾಟಿದ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಕೈಗಾರಿಕೆಯ, ಬೇಸಾಯದ ಅಥವಾ ಸುಧಾರಣೆಯ ಶಾಲೆಗೆ ಹಾಕುವ ಅಧಿಕಾರವನ್ನು ಆ ಕಾನೂನು ಸರ್ಕಾರಕ್ಕೆ ಕೊಟ್ಟಿತು. ಸಣ್ಣ ಮಕ್ಕಳಲ್ಲಿ ಒಳ್ಳೆಯ ಗುಣ ಬಿತ್ತುವುದು ಎಂಬುದರ ಅರ್ಥ ಇಲ್ಲಿಯವರೆಗೆ ಹೋಯಿತು. ಅವ್ವನ ಸೆರಗಿನಿಂದ ಎಳೆದು ತಂದರೆ ಮಗು ಒಳ್ಳೆಯದಾಗುತ್ತದಂತೆ! ಮದ್ರಾಸಿನಲ್ಲಿ 1947ರಲ್ಲಿ ಈ ಕಾಯಿದೆ ರದ್ದಾಯಿತು, ಇಡೀ ದೇಶದಲ್ಲಿ 1952ರ ಆಗಸ್ಟ್ 31ಕ್ಕೆ. ಹಳ್ಳಿಯಲ್ಲಿ ಕೋಳಿ ಕಳುವಾದರೆ ಪೊಲೀಸರು ಮೊದಲು ಹುಡುಕುವ ಗುಡಿಸಲು ಮಾತ್ರ ಆಮೇಲೂ ಅದೇ ಆಗಿತ್ತು.

ಇನ್ನು ಪಂಚಮರ ಸಾಲಿಗಳು. 1890ರ ದಶಕದಿಂದ ಮದ್ರಾಸ್ ಸರ್ಕಾರ ಅವಕ್ಕೆ ವಿಶೇಷ ಅನುದಾನ ಕೊಡಲು ಶುರುಮಾಡಿತು. ಮಿಷನ್ನಿನವರು ಅದಕ್ಕಿಂತ ಮೊದಲೇ ಬಂದಿದ್ದರು. ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವನು. ವಾರ್ಡ್‌ಲಾ ಹೆಸರಿನ ಶಾಲೆ 1846ರದು. ಅವರ ನೀತಿ ಬೈಬಲ್ಲಿನದು. ಅದನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಹಲಗೆ ಬಳಪವನ್ನು ಕೇರಿಯತ್ತ ತಂದವರಲ್ಲಿ ಅವರು ಮೊದಲಿಗರು ಎಂಬುದನ್ನು ಮರೆಯಬಾರದು. 1922ರಲ್ಲಿ, ಎಂ. ಸಿ. ರಾಜಾ ಅವರಂಥವರ ಹೋರಾಟದಿಂದ, ಪಂಚಮ ಎಂಬ ಹೆಸರನ್ನು ಸರ್ಕಾರಿ ಕಾಗದದಿಂದ ತೆಗೆದು ಆದಿದ್ರಾವಿಡ, ಆದಿಆಂಧ್ರ ಎಂದು ಬರೆಯಲು ಹಿಡಿದರು. ನಾಲ್ಕರ ಹೊರಗಿನ ಐದನೆಯವರು ಈ 'ಆದಿ' ಎಂಬ ಎರಡಕ್ಷರದಿಂದ ನೆಲದ ಮೊದಲಿಗರಾದರು. ನಮ್ಮ ಮಟ್ಟಿಗೆ ಪೌರತ್ವದ ಮೊದಲ ಪಾಠ ಇದೇ: ನಿನ್ನ ಹೆಸರನ್ನು ನೀನೇ ಇಟ್ಟುಕೋ.

ಆ ಕಾಲದ ಸಾಲಿಯೊಳಗೆ ಮಗು ಕಲಿಯುತ್ತಿದ್ದದ್ದನ್ನು ಅಂಬೇಡ್ಕರರು ತಮ್ಮ ನೆನಪಿನಲ್ಲಿ ಬರೆದಿಟ್ಟಿದ್ದಾರೆ. ಸಾತಾರಾದ ಸಾಲಿಯಲ್ಲಿ ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂಡ್ರುವುದು, ಆ ತಟ್ಟನ್ನು ದಿನಾ ಮನೆಗೆ ಒಯ್ದು ತರುವುದು, ಜವಾನ ಬಂದು ಮೇಲಿಂದ ಸುರಿದರಷ್ಟೇ ನೀರು, ಅವನು ಬರದ ದಿನ ನೀರಿಲ್ಲ. ಅದು ಬೊಂಬಾಯಿ ಪ್ರಾಂತ್ಯದ ಮಾತು ಅಂತ ತಳ್ಳಿಹಾಕಬೇಡಿ. ನಮ್ಮಲ್ಲೇ ಹಿರಿಯರಾದವರು ಅಂಗಳದಲ್ಲಿ ಕೂತು, ಕಿಟಕಿಯಿಂದ ಕೇಳಿದ ಮಗ್ಗಿಯನ್ನು ಉರು ಹೊಡೆದವರು. ಗೋಣಿತಟ್ಟಿಗೆ ಪಠ್ಯಕ್ರಮ ಬೇಕಾಗಿಲ್ಲ. ಅದು ದಿನಕ್ಕೆ ಆರು ಗಂಟೆ ಪಾಠ ಮಾಡುತ್ತದೆ, ಮೂಲೆಯಲ್ಲಿ ಕೂತವನಿಗೂ, ನಡುವೆ ಕೂತವನಿಗೂ.

1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲೂಕುಗಳು ಮದ್ರಾಸನ್ನು ಬಿಟ್ಟು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಕನ್ನಡವೋ ತೆಲುಗೋ ಎಂದು ದೊಡ್ಡ ಗದ್ದಲವಾಯಿತು. ನ್ಯಾಯವಾದ ಗದ್ದಲವೇ. ಆದರೆ ಎರಡು ಭಾಷೆಯಲ್ಲೂ ಕೇರಿಗೆ ಒಂದೇ ದಾರಿ ಇತ್ತು. ತುಂಗಭದ್ರೆಯ ಕಾಲುವೆ ಬಂತು, ಸಿರುಗುಪ್ಪ ನೆಲ್ಲಿನ ಸೀಮೆಯಾಯಿತು, ಮಿಲ್ಲುಗಳು ಎದ್ದವು. ನೀರು ಬಂದ ಹೊಲದಲ್ಲಿ ಎರಡು ಬೆಳೆ. ಎಂದರೆ ವರ್ಷಕ್ಕೆ ಎರಡು ಸಲ ಮಕ್ಕಳು ಸಾಲಿ ಬಿಡುವ ಹಂಗಾಮು.

ಸಂವಿಧಾನ ಬಂದು ಮೂರು ವರ್ಷವಾಗಿತ್ತು. ಹದಿನೇಳನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತ್ತು. ಆದರೆ ಸಂವಿಧಾನದ ನೈತಿಕತೆ ಎಂಬುದು ಹುಟ್ಟಿನಿಂದ ಬರುವ ಗುಣವಲ್ಲ, ಅದನ್ನು ಬೆಳೆಸಬೇಕು, ನಮ್ಮ ಜನ ಅದನ್ನಿನ್ನೂ ಕಲಿಯಬೇಕಾಗಿದೆ ಎಂದು ಬಾಬಾಸಾಹೇಬರು 1948ರ ನವೆಂಬರ್ 4ರಂದೇ ಎಚ್ಚರಿಸಿದ್ದರು. ಮಕ್ಕಳ ಪೌರನೀತಿಗೆ ಇದಕ್ಕಿಂತ ಒಳ್ಳೆಯ ಬುನಾದಿ ಬೇಕೇ? ಆಳುವವರು ಆರಿಸಿಕೊಂಡದ್ದು ಬೇರೆ. 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, ಪ್ರಶ್ನೆ ಕೇಳಿದವರು ಜೈಲಿನಲ್ಲಿದ್ದಾಗ, 42ನೇ ತಿದ್ದುಪಡಿಯಿಂದ ಹತ್ತು ಮೂಲಭೂತ ಕರ್ತವ್ಯಗಳು ಸಂವಿಧಾನಕ್ಕೆ ಸೇರಿದವು. ಆ ಹತ್ತರಲ್ಲಿ ವೈಜ್ಞಾನಿಕ ಮನೋಭಾವ, ಸೋದರತ್ವದಂಥ ಒಳ್ಳೆಯ ಮಾತುಗಳಿವೆ, ಇಲ್ಲವೆನ್ನುವುದಿಲ್ಲ. ಹುಟ್ಟಿದ ಗಳಿಗೆ ಮಾತ್ರ ನೆನಪಿರಲಿ.

ಶಾಲೆಯ ಗೋಡೆಯ ಮಾತು ಬಿಟ್ಟು ದಾಖಲಾತಿ ಪುಸ್ತಕ ನೋಡೋಣ. ಮಗುವಿನ ಹೆಸರು, ಜಾತಿ, ತಂದೆಯ ಹೆಸರು. ಬಳ್ಳಾರಿ ಸೀಮೆಯಲ್ಲಿ ಈ ಮೂರನೇ ಕಲಮಿನ ಮುಂದೆ ತಲೆ ತಗ್ಗಿಸಿ ನಿಂತ ತಾಯಂದಿರು ಎಷ್ಟೋ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ಮದ್ರಾಸ್ ಸರ್ಕಾರ 1947ರಲ್ಲಿ ನಿಷೇಧಿಸಿತು, ಕರ್ನಾಟಕ 1982ರಲ್ಲಿ ಮತ್ತೆ ಕಾನೂನು ಮಾಡಿತು. ಬಿಟ್ಟವರು ಯಾರು, ಬಿಡಿಸಿದವರು ಯಾರು, ಉಂಡು ಹೋದವರು ಯಾರು ಎಂಬುದು ಊರಿಗೆಲ್ಲ ಗೊತ್ತು. ಅವರ ನಡತೆಗೆ ಯಾವ ಕಲಮೂ ಇಲ್ಲ. ಆರು ವರ್ಷದ ಮಗು ಮಾತ್ರ ಮೊದಲ ದಿನವೇ ತುಂಬಿದ ಕ್ಲಾಸಿನಲ್ಲಿ ಎದ್ದು ನಿಂತು, 'ನಿಮ್ಮಪ್ಪನ ಹೆಸರೇನಲೇ?' ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕು. ನಮ್ಮೊಳಗೊಬ್ಬರು ಹಾಗೆ ನಿಂತವರು. ದೇವರ ಹೆಸರನ್ನೇ ಅಪ್ಪನ ಹೆಸರಾಗಿ ಬರೆಸಿದರಂತೆ. ಏಳು ವರ್ಷ ಕಳೆದು ಟಿ.ಸಿ. ಕೈಗೆ ಬಂದಾಗ ಅದರಲ್ಲಿ 'ನಡತೆ: ತೃಪ್ತಿಕರ' ಎಂದಿತ್ತು. ಯಾರ ನಡತೆ ಅಂತ ಈಗಲೂ ಕೇಳುತ್ತಾರೆ, ನಗುತ್ತಾರೆ.

2002ರ ಜೂನಿನಲ್ಲಿ ಅಕ್ಷರ ದಾಸೋಹ ಶುರುವಾದಾಗ ಮೊದಲು ಊಟ ಬಂದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಯಾವ ನೀತಿಪಠ್ಯವೂ ಮಾಡದ ಕೆಲಸವನ್ನು ಆ ಬಿಸಿ ಅನ್ನ ಸಾರು ಮಾಡಿತು ಎಂದೇ ನಾವು ನಂಬಿದ್ದೇವೆ. ಹಸಿದು ಬಂದ ಮಗು ಮಧ್ಯಾಹ್ನದವರೆಗೆ ನಿಂತಿತು. ಒಂದೇ ಸಾಲಿನಲ್ಲಿ, ಒಂದೇ ಪಾತ್ರೆಯ ಅನ್ನ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಇರಲಿ ಎಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿತು. ಆಗ ತಿಳಿಯಿತು ಊರುಗಳ ನಿಜವಾದ ನಡತೆ. ದಲಿತ ಹೆಂಗಸು ಒಲೆ ಹಚ್ಚಿದರೆ ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸಿದ ಊರುಗಳು ನಮ್ಮ ರಾಜ್ಯದಲ್ಲಿ ಇವೆ. ಆ ಡಬ್ಬಿ ಹಿಡಿದ ಮಗುವಿಗೆ ಹಸಿವು ಇರುತ್ತದೆ, ಜಾತಿ ಇರುವುದಿಲ್ಲ; ಡಬ್ಬಿಯ ಮುಚ್ಚಳ ತೆಗೆಯುವಾಗ ಅದಕ್ಕೆ ಜಾತಿ ಕಲಿಸಲಾಗುತ್ತದೆ. ಸಿರುಗುಪ್ಪ ಕಡೆಯ ಒಂದು ಹಳ್ಳಿಯಲ್ಲಿ ನಾವು ಕಂಡದ್ದನ್ನೂ ಹೇಳಬೇಕು: ಡಬ್ಬಿ ತಂದ ಹುಡುಗ ಅದನ್ನು ನಾಯಿಗೆ ಸುರಿದು, ಗೆಳೆಯನ ತಟ್ಟೆಗೆ ಕೈ ಹಾಕಿ ಉಣ್ಣುತ್ತಿದ್ದ. 'ಮನ್ಯಾಗ ಹೇಳಬ್ಯಾಡ್ರಿ' ಅಂದ. ಹೇಳಲಿಲ್ಲ.

ಶುಚಿತ್ವದ ಪಾಠವೂ ಹೀಗೇ. ಗೋಡೆಯ ಮೇಲೆ ಬರೆದದ್ದು ಎಲ್ಲರಿಗೂ, ಪೊರಕೆ ಕೊಡುವುದು ಕೆಲವರಿಗೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ನಾಡಿಗೆಲ್ಲ ಗೊತ್ತಾಯಿತು. ಅದೇ ವರ್ಷದ ಜೂನಿನಲ್ಲಿ, ರಾಜ್ಯದ ಶಾಲೆಗಳಲ್ಲೆಲ್ಲ ಮಕ್ಕಳು ಸಂವಿಧಾನದ ಪೀಠಿಕೆ ಓದಬೇಕು ಎಂದು ಸರ್ಕಾರ ತೀರ್ಮಾನ ಮಾಡಿತ್ತು. ಒಳ್ಳೆಯ ತೀರ್ಮಾನ. ಕೆಟ್ಟದ್ದನ್ನು ಉರು ಹೊಡೆದ ಬಾಯಿ ಇದನ್ನಾದರೂ ಹೊಡೆಯಲಿ. ಆದರೆ 1823ರ ಗಿಳಿಪಾಠದ ಗತಿ ಇದಕ್ಕೂ ಬಾರದಿರಬೇಕಾದರೆ, ಪೀಠಿಕೆಯ ಆ 'ನಾವು' ಎಂಬ ಮಾತಿನಲ್ಲಿ ಗೇಟಿನ ಹೊರಗೆ ನಿಂತವನು ಸೇರಿದ್ದಾನೋ ಇಲ್ಲವೋ ಎಂದು ಒಳಗಿನ ಮಕ್ಕಳು ಕೇಳುವಂತಾಗಬೇಕು.

ಮಕ್ಕಳ ಮೈ ಮುಟ್ಟಿ ಶಿಕ್ಷಿಸುವುದನ್ನು, ಮನಸ್ಸಿಗೆ ಹಿಂಸೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿತು. ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. ಕ್ಯಾಂಪ್‌ಬೆಲ್ ಕೋದಂಡದ ಬಗ್ಗೆ ಬರೆದು ಆಗ 187 ವರ್ಷ. ಈಗ ರಾಟೆ ಇಲ್ಲ, ಬೆತ್ತವೂ ಕಡಿಮೆ. ಗೇಟು ಉಳಿದಿದೆ.

ಸಿರುಗುಪ್ಪ ತಾಲೂಕಿನ ಹಳ್ಳಿಯೊಂದರ ಸಾಲಿಯಲ್ಲಿ ನಮ್ಮ ಗೆಳತಿಯೊಬ್ಬರು ಟೀಚರು. ನಾಟಿ ಹಂಗಾಮಿನಲ್ಲಿ ಅರ್ಧ ಕ್ಲಾಸು ತಡವಾಗಿ ಬರುತ್ತದೆ. ಗೇಟು ಹಾಕಿಸುವುದನ್ನು ಅವರು ನಿಲ್ಲಿಸಿದರು. ತಡವಾಗಿ ಬಂದವರನ್ನು ಒಂದೇ ಪ್ರಶ್ನೆ ಕೇಳುತ್ತಾರೆ: 'ಏನು ಕೆಲಸ ಮಾಡಿ ಬಂದ್ರಿ?' ಹೇಳಿದ್ದನ್ನು ಕರಿಹಲಗೆಯ ಒಂದು ಮೂಲೆಯಲ್ಲಿ ಹೆಸರಿನ ಮುಂದೆ ಬರೆಯುತ್ತಾರೆ. ಕೆಲಸ ಹೆಚ್ಚಾಗಿ ಕಂಡರೆ ಅದೇ ಸಂಜೆ ಮನೆಗೆ ಹೋಗಿ, 'ಯಕ್ಕಾ, ಇಷ್ಟೆಲ್ಲ ಇವನ ಕೈಲಿ ಮಾಡಿಸಬ್ಯಾಡ, ಸಾಲಿ ತಪ್ಪತೈತಿ' ಅಂತ ಜಗಳ ತೆಗೆಯುತ್ತಾರೆ. ನಾವು ಹೋದ ದಿನ ಹಲಗೆಯ ಮೂಲೆಯಲ್ಲಿ ಇದ್ದದ್ದು: ಸಸಿ ಹೊತ್ತದ್ದು, ತಂಗಿಗೆ ಉಣಿಸಿದ್ದು, ಬೋರಿಂಗಿನಿಂದ ಎಂಟು ಕೊಡ ನೀರು, ಎಮ್ಮೆ ಮೈ ತೊಳೆದದ್ದು, ಅಜ್ಜಿಯನ್ನು ದವಾಖಾನೆ ಬಸ್ಸಿಗೆ ಹತ್ತಿಸಿದ್ದು. ಏಳು ಹೆಸರು.

ಅದನ್ನು ನೋಡಿ ಊರಿನ ಒಬ್ಬ ದೊಡ್ಡ ಹಿಡುವಳಿದಾರರು ಸಾಲಿಗೆ ಬಂದು ಕೂತಿದ್ದರಂತೆ. ದಿನಾ ಎಲ್ಲರಿಗಿಂತ ಮೊದಲು ಬರುತ್ತಾನೆ ನಮ್ಮ ಹುಡುಗ, ಬೋರ್ಡಿನ ಮೇಲೆ ಅವನ ಹೆಸರೇ ಇಲ್ಲವಲ್ಲ, ಯಾಕ ಟೀಚರ್ರೇ, ಅಂತ. ಟೀಚರು ಚಾಕ್‌ಪೀಸು ಹಿಡಿದು ಹಲಗೆಯ ಹತ್ತಿರ ಹೋಗಿ ನಿಂತರು. 'ಬರಕೊಳ್ತೀನ್ರೀ ಗೌಡ್ರೇ. ಇವತ್ತು ಮುಂಜಾನೆ ಅವ ಏನು ಕೆಲಸ ಮಾಡಿ ಬಂದಾನ, ಕೇಳಿ ಹೇಳ್ರಿ.'